ಪಟ್ಟಿಯಲ್ಲಿಲ್ಲದ ಪ್ರೊಸೆಸರ್: ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್

ಲ್ಯಾಪ್‌ಟಾಪ್‌ಗೆ ಏನೂ ಆಗಿಲ್ಲ. ಕೀಬೋರ್ಡ್ ಸರಿ ಇದೆ, ಪರದೆ ಸರಿ ಇದೆ, ಹಿಂಜ್ ಕೂಡ ಗಟ್ಟಿಯಾಗಿದೆ. ಒಳಗಿರುವುದು ಇಂಟೆಲ್‌ನ ಆರನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 500 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್. ತೊಂದರೆ ಇರುವುದು ತಾರೀಖಿನಲ್ಲಿ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಅವರದೇ ತಪಾಸಣಾ ಸಾಧನ ಪಿಸಿ ಹೆಲ್ತ್ ಚೆಕ್ ಹೀಗನ್ನುತ್ತದೆ: ಟಿಪಿಎಂ 2.0 (ಭದ್ರತಾ ಕೀಗಳನ್ನು ಕಾಯುವ ಭಾಗ) ಇದೆ, ಸೆಕ್ಯೂರ್ ಬೂಟ್ (ನಂಬಿಕಸ್ತ ಸಹಿ ಇರುವ ಸಾಫ್ಟ್‌ವೇರ್‌ನಿಂದಷ್ಟೇ ಯಂತ್ರ ಏಳಲು ಬಿಡುವ ವ್ಯವಸ್ಥೆ) ಇದೆ, ಮೆಮೊರಿ ಸಾಕು, ಡಿಸ್ಕ್ ಸಾಕು. ಪ್ರೊಸೆಸರ್ ಮಾತ್ರ ಪಟ್ಟಿಯಲ್ಲಿಲ್ಲ. ಇಂಟೆಲ್ ಚಿಪ್‌ಗಳ ಮಟ್ಟಿಗೆ ಆ ಪಟ್ಟಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಶುರುವಾಗುತ್ತದೆ.

ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಬರೆಸಬಹುದು. ಅದು 2026ರ ಅಕ್ಟೋಬರ್ 13ಕ್ಕೆ ಮುಗಿಯುತ್ತದೆ. ರಿಜಿಸ್ಟ್ರಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಉಗ್ರಾಣ) ತಿದ್ದಿ 11 ಅನ್ನು ಬಲವಂತವಾಗಿ ಕೂರಿಸುವ ಉಪಾಯವೂ ಇದೆ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಕೈ ತೊಳೆದುಕೊಂಡಿದೆ. ಎರಡೂ ಬೇಡ ಅನ್ನಿಸಿತು.

ಹಾಗಾಗಿ ಕೆಲಸ ಇಷ್ಟು: ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ವೇಗದ ಡಿಸ್ಕ್) ಹಾಕುವುದು. ಈಗಿರುವ ವಿಂಡೋಸ್ 10 ಅನ್ನು ಹಾಗೇ ಅದಕ್ಕೆ ಸಾಗಿಸಿ ಒಂದು ಮೂಲೆಯಲ್ಲಿ ಇಟ್ಟುಕೊಳ್ಳುವುದು. ದಿನನಿತ್ಯಕ್ಕೆ ಲಿನಕ್ಸ್ ಮಿಂಟ್ 22, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ (ಓಪನ್ ಸೋರ್ಸ್) ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ (ಓಎಸ್) ಒಂದು ರೂಪ. ಎರಡನ್ನೂ ಒಂದೇ ಯಂತ್ರದಲ್ಲಿ ಓಡಿಸಿದರೆ ಹೋಲಿಕೆಯೂ ನ್ಯಾಯವಾಗಿರುತ್ತದೆ ಅಲ್ವಾ? ಯಾವುದು ವೇಗ, ಯಾವುದು ಚೆಂದ ಅನ್ನುವುದಕ್ಕಿಂತ ನನಗೆ ಬೇಕಾಗಿದ್ದ ಉತ್ತರ ಬೇರೆ. ಚೆನ್ನಾಗಿ ಓಡುತ್ತಿರುವ ಯಂತ್ರದ ಆಯಸ್ಸು ಮುಗಿಯಿತು ಅಂತ ತೀರ್ಮಾನ ಮಾಡುವವರು ಯಾರು? ಆ ತೀರ್ಮಾನ ನಮ್ಮ ಕೈಗೇ ಬಂದರೆ ಜೊತೆಗೆ ಏನೇನು ಕೆಲಸ ಬರುತ್ತದೆ?

ಬಿಚ್ಚುವ ಮೊದಲು

ಎಲ್ಲಕ್ಕಿಂತ ಮುಂಚೆ ಕಡತಗಳ ಪ್ರತಿ ಹೊರಗಿನ ಡಿಸ್ಕಿಗೆ ಹೋಯಿತು. ಆಮೇಲೆ ನೋಡಬೇಕಾದದ್ದು ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ನಾವು ಕೇಳದೆಯೇ ಆನ್ ಆಗಿರುತ್ತದೆ. ಬಯಾಸ್‌ನಲ್ಲಿ (ಯಂತ್ರ ಏಳುವಾಗ ಮೊದಲು ಓಡುವ ಬೋರ್ಡಿನ ಸಾಫ್ಟ್‌ವೇರ್) ಏನಾದರೂ ಬದಲಾಯಿಸಿದರೆ, ಬೂಟ್ ಸಾಲು (ಯಾವುದರಿಂದ ಏಳಬೇಕು ಅನ್ನುವ ಕ್ರಮ) ತಿರುಗಿಸಿದರೆ, ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಡಿಸ್ಕಿನಲ್ಲಿರುವುದು ನಮ್ಮದೇ ಆದರೂ ನಮಗೆ ಸಿಗುವುದಿಲ್ಲ. ನನ್ನ ಯಂತ್ರದಲ್ಲೂ ಆನ್ ಇತ್ತು. ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಎನ್‌ಕ್ರಿಪ್ಷನ್ ಪೂರ್ತಿ ತೆಗೆಸಿದೆ. ತಿರುಗುವ ಡಿಸ್ಕಿನಲ್ಲಿ ಇದು ಬಹಳ ಹೊತ್ತು ಹಿಡಿಯುತ್ತದೆ. ಚಾರ್ಜರ್ ಹಾಕಿ ಬಿಟ್ಟುಬಿಡುವುದೇ ಸರಿ.

ವಿಂಡೋಸ್ ಲೈಸೆನ್ಸ್ ಬಗ್ಗೆ ಗಾಬರಿ ಬೇಡ. ಲ್ಯಾಪ್‌ಟಾಪ್ ಜೊತೆಗೇ ಬಂದ ಲೈಸೆನ್ಸ್ ಅಂಟಿಕೊಂಡಿರುವುದು ಮದರ್‌ಬೋರ್ಡಿಗೆ. ಡಿಸ್ಕ್ ಬದಲಾಯಿಸಿದರೆ ಏನೂ ಆಗುವುದಿಲ್ಲ. ಮದರ್‌ಬೋರ್ಡ್ ಬದಲಾಯಿಸಿದರೆ ತಕರಾರು ಶುರು.

ಡಿಸ್ಕ್ ಬದಲಾವಣೆ

ಅಂಗಡಿಗಳಲ್ಲಿ 480 ಜಿಬಿ, 500 ಜಿಬಿ ಎರಡೂ ಅಳತೆಯ ಎಸ್‌ಎಸ್‌ಡಿ ಸಿಗುತ್ತವೆ. ನಾನು 500 ಜಿಬಿಯದ್ದೇ ಬೇಕು ಅಂತ ಪಟ್ಟು ಹಿಡಿದೆ. ಕಾರಣ ಇಷ್ಟೇ. ಡಿಸ್ಕಿನಿಂದ ಡಿಸ್ಕಿಗೆ ನೇರವಾಗಿ ನಕಲು ಮಾಡುವ ಕ್ಲೋನ್‌ಜಿಲ್ಲಾದಂಥ ಸಾಧನಕ್ಕೆ ಹೊಸ ಡಿಸ್ಕ್ ಹಳೆಯದರಷ್ಟಾದರೂ ದೊಡ್ಡದಿರಬೇಕು. ಸಾಮಾನ್ಯವಾಗಿ 500 ಜಿಬಿಯ ಹಾರ್ಡ್ ಡಿಸ್ಕ್‌ನಲ್ಲೂ 500 ಜಿಬಿಯ ಎಸ್‌ಎಸ್‌ಡಿಯಲ್ಲೂ 97,67,73,168 ಸೆಕ್ಟರ್‌ಗಳೇ (ಮಾಹಿತಿ ಬರೆಯುವ ಚಿಕ್ಕ ಮನೆಗಳು) ಇರುತ್ತವೆ. ಹಾಗಾಗಿ ತಲೆ ಕೆಡಿಸಿಕೊಳ್ಳದೆ ನಕಲು ಆಗುತ್ತದೆ. 480 ಆಗಿದ್ದರೆ ಮೊದಲು ಪಾರ್ಟಿಷನ್ (ಡಿಸ್ಕಿನ ಒಂದು ಪಾಲು) ಕುಗ್ಗಿಸು, ಆಮೇಲೆ ಅಳತೆಯ ತಪಾಸಣೆಯನ್ನು ಆಫ್ ಮಾಡು ಅಂತ ಸುಮ್ನೆ ಕೆಲಸ ಜಾಸ್ತಿ.

ಎಸ್‌ಎಸ್‌ಡಿಯನ್ನು ಯುಎಸ್‌ಬಿ ಡಬ್ಬಿಗೆ ಹಾಕಿ, ಕ್ಲೋನ್‌ಜಿಲ್ಲಾ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ನಕಲು ಮುಗಿಸಿದೆ. ಗಮನಿಸಿ: ವಿಂಡೋಸ್ ಸಾಗಿಸುವ ಈ ಕೆಲಸ ಮಾಡಿಕೊಟ್ಟದ್ದೇ ಲಿನಕ್ಸ್ ಮೇಲೆ ಓಡುವ ಓಪನ್ ಸೋರ್ಸ್ ಸಾಧನ. ನಕಲು ಮುಗಿದ ಮೇಲೆ ಎರಡು ಡಿಸ್ಕನ್ನೂ ಸಿಕ್ಕಿಸಿಟ್ಟುಕೊಂಡು ಬೂಟ್ ಮಾಡಬೇಡಿ. ಎರಡಕ್ಕೂ ಗುರುತಿನ ಸಂಖ್ಯೆ ಒಂದೇ ಇರುತ್ತದೆ. ಓಎಸ್‌ಗೆ ಯಾವುದು ಯಾವುದು ಅಂತ ತಿಳಿಯುವುದಿಲ್ಲ.

ಬಿಚ್ಚುವ ಕೆಲಸದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಹಿಂದಿನ ಎರಡು ರಬ್ಬರ್ ಪಾದಗಳ ಕೆಳಗೂ ಸ್ಕ್ರೂ ಅಡಗಿತ್ತು. ತಳ ತೆಗೆದ ತಕ್ಷಣ ಬ್ಯಾಟರಿ ಕನೆಕ್ಟರ್ ಬಿಡಿಸಿ, ಡಿಸ್ಕ್ ತಟ್ಟೆಯನ್ನು ಹೊಸದಕ್ಕೆ ವರ್ಗಾಯಿಸಿ, ಫ್ಯಾನಿನಲ್ಲಿದ್ದ ಧೂಳು ಬ್ರಷ್‌ನಿಂದ ತೆಗೆದು ಮುಚ್ಚಿದೆ.

ಇಲ್ಲೊಂದು ಮಾತು ಹೇಳಲೇಬೇಕು. ಎಸ್‌ಎಸ್‌ಡಿ ಬಿದ್ದ ಕೂಡಲೇ ಅದೇ ಹಳೇ ವಿಂಡೋಸ್ 10 ಚುರುಕಾಯಿತು. ಬೂಟ್ ಆದಮೇಲೆ ಡಿಸ್ಕ್ ಗೊರಗೊರ ಅನ್ನುವುದು ನಿಲ್ಲಲಿ ಅಂತ ಕಾಯುವ ಕಾಟವೇ ಹೋಯಿತು. 'ಹಳೇ ಯಂತ್ರಕ್ಕೆ ಲಿನಕ್ಸ್ ಹಾಕಿದೆ, ಹಾರತೊಡಗಿತು' ಅನ್ನುವ ಬಹಳ ಮಂದಿ ಅದೇ ದಿನ ಎಸ್‌ಎಸ್‌ಡಿಯನ್ನೂ ಹಾಕಿರುತ್ತಾರೆ. ಆ ಹೊಗಳಿಕೆಯ ದೊಡ್ಡ ಪಾಲು ಡಿಸ್ಕಿಗೆ ಸೇರಬೇಕಾದದ್ದು. ಮೆಮೊರಿ ವಿಷಯದಲ್ಲಿ ವ್ಯತ್ಯಾಸ ನಿಜಕ್ಕೂ ಇದೆ. ಏನೂ ತೆರೆಯದೆ ಸುಮ್ಮನೆ ಇರುವಾಗ ವಿಂಡೋಸ್ 2 ಜಿಬಿ ದಾಟುತ್ತಿತ್ತು, ಮಿಂಟ್ 1 ಜಿಬಿಯ ಆಸುಪಾಸಿನಲ್ಲಿ ನಿಂತಿತು. ಆದರೆ ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದರೆ ಆ ಉಳಿತಾಯವನ್ನು ಬ್ರೌಸರೇ ನುಂಗುತ್ತದೆ.

ಜಾಗ ಬಿಡಿಸುವ ಜಗ್ಗಾಟ

ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕುಗ್ಗಿಸಲು ಹೋದರೆ, ಖಾಲಿ ಜಾಗ ಬೇಕಾದಷ್ಟಿದ್ದರೂ ಸ್ವಲ್ಪವೇ ಬಿಟ್ಟುಕೊಡುತ್ತೇನೆ ಅನ್ನುತ್ತದೆ. ಯಾಕೆಂದರೆ ಅಲುಗಾಡಿಸಲು ಬಾರದ ಕೆಲವು ಕಡತಗಳು ಡಿಸ್ಕಿನ ನಡುವೆ ಕೂತಿರುತ್ತವೆ: ಪೇಜ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಜಾಗ), ಹೈಬರ್ನೇಷನ್ ಫೈಲ್ (ಮಲಗುವಾಗ ಯಂತ್ರದ ಸ್ಥಿತಿ ಬರೆದಿಡುವ ಜಾಗ), ರಿಸ್ಟೋರ್ ಪಾಯಿಂಟ್‌ಗಳು (ಹಿಂದಿನ ಸ್ಥಿತಿಗೆ ಮರಳಲು ಇಟ್ಟ ಪ್ರತಿಗಳು). ಮೂರನ್ನೂ ಆಫ್ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ ಕುಗ್ಗಿಸಿದರೆ ಜಾಗ ಬಂತು. ಆಮೇಲೆ ಪೇಜ್ ಫೈಲನ್ನೂ ರಿಸ್ಟೋರ್ ಪಾಯಿಂಟನ್ನೂ ಮತ್ತೆ ಆನ್ ಮಾಡಿದೆ. ಹೈಬರ್ನೇಷನ್ ಮಾತ್ರ ಆಫ್‌ನಲ್ಲೇ ಉಳಿಸಿದೆ.

ಅದಕ್ಕೆ ಕಾರಣ ಫಾಸ್ಟ್ ಸ್ಟಾರ್ಟ್‌ಅಪ್. ಅದು ಆನ್ ಇದ್ದಾಗ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ತನ್ನ ಕರ್ನಲ್‌ನ (ಓಎಸ್‌ನ ತಿರುಳು) ಸ್ಥಿತಿಯನ್ನು ಹೈಬರ್ನೇಷನ್ ಫೈಲಿಗೆ ಬರೆದಿಟ್ಟು, ಎನ್‌ಟಿಎಫ್‌ಎಸ್ (ವಿಂಡೋಸ್ ಕಡತಗಳನ್ನು ಜೋಡಿಸಿಡುವ ವಿಧಾನ) ಪಾರ್ಟಿಷನ್ ಇನ್ನೂ ತನ್ನ ವಶದಲ್ಲಿದೆ ಅಂತ ಗುರುತು ಹಾಕಿರುತ್ತದೆ. ಲಿನಕ್ಸ್ ಬಂದು ನೋಡಿ, ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. 'ಲಿನಕ್ಸ್‌ನಲ್ಲಿ ನನ್ನ ಡಿ ಡ್ರೈವ್‌ಗೆ ಕಾಪಿ ಆಗುತ್ತಿಲ್ಲ' ಅನ್ನುವ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ. ಹೈಬರ್ನೇಷನ್ ಆಫ್ ಆದರೆ ಫಾಸ್ಟ್ ಸ್ಟಾರ್ಟ್‌ಅಪ್ ತಾನಾಗಿ ಹೋಗುತ್ತದೆ.

ಹಂಚಿಕೆ ಹೀಗಾಯಿತು: ವಿಂಡೋಸ್‌ಗೆ 150 ಜಿಬಿ, ಮಿಂಟ್‌ಗೆ 100 ಜಿಬಿ, ಉಳಿದದ್ದು ಇಬ್ಬರಿಗೂ ಸೇರಿದ ಕಡತಗಳಿಗೆ. ಆ ಸಾಮಾನ್ಯ ಪಾರ್ಟಿಷನ್‌ಗೆ ಎನ್‌ಟಿಎಫ್‌ಎಸ್ ಹಾಕಿದೆ. ಲಿನಕ್ಸ್‌ನ ಅಂಥದ್ದೇ ವಿಧಾನವಾದ ಎಕ್ಸ್ಟ್4 ಅನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ಎನ್‌ಟಿಎಫ್‌ಎಸ್ ಅನ್ನು ಲಿನಕ್ಸ್ ಓದುತ್ತದೆ, ಬರೆಯುತ್ತದೆ. 2021ರಲ್ಲಿ ಬಂದ 5.15 ಕರ್ನಲ್‌ನಿಂದ ಅದಕ್ಕೆ ಹೊಸ ಡ್ರೈವರ್ (ಅದರ ಜೊತೆ ವ್ಯವಹರಿಸುವ ಕೋಡ್) ಕರ್ನಲ್ ಒಳಗೇ ಇದೆ. ಬರೆದುಕೊಟ್ಟದ್ದು ಪ್ಯಾರಗಾನ್ ಅನ್ನುವ ವ್ಯಾಪಾರಿ ಕಂಪನಿ.

ಪೆನ್‌ಡ್ರೈವ್‌ಗೆ ಹಾಕುವ ಕಡತ ಅಸಲಿಯೇ?

ಡೌನ್‌ಲೋಡ್ ಆದ ಐಎಸ್‌ಒ ಕಡತವನ್ನು (ಇಡೀ ಓಎಸ್ ಇರುವ ಒಂದೇ ಕಡತ) ನೇರವಾಗಿ ಪೆನ್‌ಡ್ರೈವ್‌ಗೆ ಬರೆಯುವವರೇ ಹೆಚ್ಚು. ಮಿಂಟ್ ವಿಷಯದಲ್ಲಂತೂ ಹಾಗೆ ಮಾಡಬಾರದು. 2016ರ ಫೆಬ್ರವರಿಯಲ್ಲಿ ಮಿಂಟ್‌ನ ಜಾಲತಾಣಕ್ಕೇ ಯಾರೋ ನುಗ್ಗಿ, 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲು (ಗುಟ್ಟಾಗಿ ಒಳಬರುವ ದಾರಿ) ಇಟ್ಟ ಐಎಸ್‌ಒ ಕಡೆಗೆ ತಿರುಗಿಸಿದ್ದರು. ಎಸ್‌ಎಚ್‌ಎ256 ಮೊತ್ತ (ಕಡತದ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡುವುದು ಮೊದಲ ಹೆಜ್ಜೆ. ಆದರೆ ತಾಣವೇ ಕೆಟ್ಟವರ ಕೈಗೆ ಹೋದರೆ ಅಲ್ಲಿ ಬರೆದ ಮೊತ್ತವನ್ನೂ ಬದಲಾಯಿಸಬಹುದು. ಹಾಗಾಗಿ ಆ ಮೊತ್ತದ ಕಡತದ ಮೇಲಿರುವ ಜಿಪಿಜಿ ಸಹಿಯನ್ನೂ (ಕಳಿಸಿದವರು ತಮ್ಮ ಗುಟ್ಟಿನ ಕೀಯಿಂದ ಹಾಕಿದ ಡಿಜಿಟಲ್ ರುಜು) ನೋಡಬೇಕು. ಎರಡೂ ಸೇರಿ ಹಿಡಿಯುವ ಸಮಯ ಅಷ್ಟೇನಿಲ್ಲ.

ಸಹಿ ಹೇಳುವುದು 'ಮಿಂಟ್‌ನವರು ಕಳಿಸಿದ್ದೇ ನಿನಗೆ ಬಂದಿದೆ' ಅನ್ನುವುದನ್ನು ಮಾತ್ರ. ಅವರು ಕಳಿಸಿದ್ದರ ಒಳಗೇ ವಿಷ ಇದ್ದರೆ? ಓಪನ್ ಸೋರ್ಸ್ ಅಂದರೆ ಎಲ್ಲರೂ ನೋಡುತ್ತಿರುತ್ತಾರೆ, ಹಾಗಾಗಿ ಸುರಕ್ಷಿತ ಅನ್ನುವ ಮಾತು ಇದೆಯಲ್ಲ, ಅದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 2024ರ ಮಾರ್ಚ್‌ನಲ್ಲಿ. ಎಕ್ಸ್‌ಜೆಡ್ ಅನ್ನುವ ಚಿಕ್ಕ ಕಂಪ್ರೆಷನ್ ಸಾಧನಕ್ಕೆ, ಅದನ್ನು ನೋಡಿಕೊಳ್ಳುವವರ ವಿಶ್ವಾಸ ಗಳಿಸಿ ಒಳಗೆ ಬಂದ ಒಬ್ಬರು ಹಿಂಬಾಗಿಲು ಸೇರಿಸಿದ್ದರು. ಅದರ ಗುರಿ ಎಸ್‌ಎಸ್‌ಎಚ್ ಲಾಗಿನ್, ಅಂದರೆ ದೂರದಿಂದ ಒಂದು ಯಂತ್ರದ ಒಳಗೆ ಹೋಗುವ ದಾರಿ. ಹಿಡಿದದ್ದು ಆಂಡ್ರೆಸ್ ಫ್ರಾಯಂಡ್. ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನ ಯಾಕಾಯಿತು ಅಂತ ಬೆನ್ನು ಹತ್ತಿ ಹೋದಾಗ ಸಿಕ್ಕಿಬಿತ್ತು. ಅವರು ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ! ಕೋಡ್ ತೆರೆದಿಟ್ಟರೆ ಯಾರೋ ನೋಡಿಯೇ ನೋಡುತ್ತಾರೆ ಅನ್ನುವ ಖಾತ್ರಿ ಇಲ್ಲ. ಅನುಮಾನ ಬಂದವರು ಯಾರ ಅಪ್ಪಣೆಯೂ ಇಲ್ಲದೆ ತಳದವರೆಗೆ ಅಗೆದು ನೋಡಬಹುದು ಅನ್ನುವುದಷ್ಟೇ ಖಾತ್ರಿ. ಮುಚ್ಚಿದ ಕೋಡ್‌ನಲ್ಲಿ ಅದೇ ಅರ್ಧ ಸೆಕೆಂಡ್ ತಡವಾಗಿದ್ದರೆ ಹೊರಗಿನವರು ದೂರು ಬರೆದು ಕಾಯಬೇಕಿತ್ತು.

ಹಾಕುವ ಮೊದಲೇ ಓಡಿಸಿ ನೋಡುವುದು

ಇದು ಲಿನಕ್ಸ್‌ನಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ. ಡಿಸ್ಕ್ ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ಪೂರ್ತಿ ಓಎಸ್ ಓಡಿಸಬಹುದು. ಧ್ವನಿ, ಕ್ಯಾಮೆರಾ, ಪರದೆಯ ಬೆಳಕಿನ ಕೀಗಳು, ಬ್ಲೂಟೂತ್, ಮುಚ್ಚಳ ಮುಚ್ಚಿದಾಗ ಮಲಗಿ ತೆರೆದಾಗ ಏಳುವುದು, ಎಲ್ಲ ಪರೀಕ್ಷೆ ಮಾಡಿದೆ. ಎಲ್ಲವೂ ಸರಿ, ವೈಫೈ ಒಂದು ಬಿಟ್ಟು. ಕಾಣಿಸುವ ನೆಟ್‌ವರ್ಕ್‌ಗಳ ಪಟ್ಟಿಯೇ ಖಾಲಿ.

ಈ ಯಂತ್ರದ ವೈಫೈ ಚಿಪ್ ತಯಾರಿಸಿದ ಕಂಪನಿ ತನ್ನ ಡ್ರೈವರಿನ ಕೋಡ್ ಕೊಟ್ಟಿಲ್ಲ. ಕಟ್ಟಿದ ಬೈನರಿ ಕೊಟ್ಟಿದೆ, ಅದರ ಸುತ್ತ ತೆಳು ಹೊದಿಕೆಯಷ್ಟು ಕೋಡ್ ಇದೆ. ಅದನ್ನು ಇಳಿಸಿಕೊಳ್ಳಲು ನೆಟ್ ಬೇಕು. ನೆಟ್ ಬರಲು ಅದು ಬೇಕು. ಫೋನನ್ನು ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿದೆ. ಅದಕ್ಕೆ ಯಾವ ಡ್ರೈವರೂ ಬೇಡ, ತಕ್ಷಣ ಹಿಡಿಯುತ್ತದೆ. ಮಿಂಟ್‌ನ ಡ್ರೈವರ್ ಮ್ಯಾನೇಜರ್ ಚಿಪ್ಪನ್ನು ಗುರುತಿಸಿ, 'ಇದು ಓಪನ್ ಸೋರ್ಸ್ ಅಲ್ಲ, ಪರವಾಗಿಲ್ಲವಾ?' ಅನ್ನುವ ಅರ್ಥದಲ್ಲಿ ಕೇಳುತ್ತದೆ. ಪರವಾಗಿಲ್ಲ ಅಂದೆ.

ಅದೇ ಚಿಪ್ ವಿಂಡೋಸ್‌ನಲ್ಲಿ ಮೊದಲ ದಿನದಿಂದ ಕೆಲಸ ಮಾಡುತ್ತಿದೆ. ವಾಣಿಜ್ಯ ಓಎಸ್‌ಗೆ ನಾವು ಕೊಡುವ ಹಣಕ್ಕೆ ಸಿಗುವ ದೊಡ್ಡ ಅನುಕೂಲ ಇದು ಅಂತ ನನ್ನ ಲೆಕ್ಕ. ವಿಂಡೋಸ್ ಚೆನ್ನಾಗಿ ಬರೆದಿದ್ದಾರೆ ಅನ್ನುವುದು ಆಮೇಲಿನ ಮಾತು. ಭಾಗ ತಯಾರಿಸುವ ಪ್ರತಿಯೊಬ್ಬರೂ ಮುಲಾಜಿಲ್ಲದೆ ವಿಂಡೋಸ್‌ಗೆ ಮೊದಲು ಡ್ರೈವರ್ ಬರೆದು, ಪರೀಕ್ಷೆ ಮಾಡಿ, ಆಮೇಲೆ ಮಾರುತ್ತಾರೆ. ಆಪಲ್ ಇನ್ನೂ ಒಂದು ಹೆಜ್ಜೆ ಮುಂದೆ. ಯಂತ್ರವೂ ಓಎಸ್ಸೂ ಒಂದೇ ಮನೆಯವು, ಹೊರಗಿನ ಯಂತ್ರಕ್ಕೆ ಮ್ಯಾಕ್‌ಓಎಸ್ ಹಾಕಲು ಲೈಸೆನ್ಸೇ ಒಪ್ಪುವುದಿಲ್ಲ.

ಇನ್‌ಸ್ಟಾಲ್, ಬೂಟ್, ಗಡಿಯಾರ

ಇನ್‌ಸ್ಟಾಲರ್‌ನಲ್ಲಿ 'ಸಮ್‌ಥಿಂಗ್ ಎಲ್ಸ್' ಆರಿಸಿ ಪಾರ್ಟಿಷನ್‌ಗಳನ್ನು ಕೈಯಾರೆ ತೋರಿಸಿದೆ. ಯಂತ್ರ ಏಳಿಸುವ ಕಡತಗಳಿರುವ, ವಿಂಡೋಸ್‌ನ ಇಎಫ್‌ಐ ಪಾರ್ಟಿಷನ್ ಅನ್ನೇ ಇಬ್ಬರೂ ಬಳಸುತ್ತಾರೆ, ಅದನ್ನು ಫಾರ್ಮ್ಯಾಟ್ ಮಾಡಬಾರದು. ಬೇರೆ ಸ್ವಾಪ್ ಪಾರ್ಟಿಷನ್ (ವಿಂಡೋಸ್‌ನ ಪೇಜ್ ಫೈಲ್ ಕೆಲಸ ಮಾಡುವಂಥದ್ದು) ಬೇಕಿಲ್ಲ, ಮಿಂಟ್ ತಾನೇ ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ.

ಸೆಕ್ಯೂರ್ ಬೂಟ್ ಆನ್ ಇಟ್ಟೇ ಮಾಡಿದೆ. ಆಫ್ ಮಾಡಿಬಿಡಿ ಅಂತ ಎಲ್ಲ ಕಡೆ ಸಲಹೆ ಸಿಗುತ್ತದೆ. ಆದರೆ ಅಗತ್ಯವಿಲ್ಲ. ಉಬುಂಟು, ಮಿಂಟ್‌ನಂಥ ಲಿನಕ್ಸ್‌ಗಳಲ್ಲಿ ಮೊದಲು ಓಡುವ ಶಿಮ್ ಅನ್ನುವ ಚಿಕ್ಕ ತುಣುಕಿಗೆ ಮೈಕ್ರೋಸಾಫ್ಟ್‌ನ ಸಹಿ ಇರುತ್ತದೆ. ಮುಕ್ತ ಓಎಸ್ ಏಳುವುದಕ್ಕೆ ವಾಣಿಜ್ಯ ಓಎಸ್ ಮಾಡುವವರ ರುಜು ಬೇಕು, ಯಾಕೆಂದರೆ ಪಿಸಿ ತಯಾರಕರು ಬೋರ್ಡಿನಲ್ಲಿ ತುಂಬಿ ಕಳಿಸುವುದು ಅವರ ಕೀಗಳನ್ನೇ. ಆಮೇಲೆ ವೈಫೈ ಡ್ರೈವರ್ ನಮ್ಮ ಯಂತ್ರದಲ್ಲೇ ಕಂಪೈಲ್ ಆಗುವಂಥದ್ದು, ಅದಕ್ಕೆ ಯಾರ ಸಹಿಯೂ ಇಲ್ಲ. ಹಾಗಾಗಿ ಇನ್‌ಸ್ಟಾಲ್ ಆಗುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬಂದು 'ಎನ್‌ರೋಲ್ ಮೋಕ್' ಅನ್ನುತ್ತದೆ. ಹೆದರಬೇಡಿ, ಇದು ಕ್ರ್ಯಾಶ್ ಆದಾಗ ಬರುವ ನೀಲಿ ಪರದೆ ಅಲ್ಲ. ಅದೇ ಪಾಸ್‌ವರ್ಡ್ ಕೊಟ್ಟರೆ ನಮ್ಮದೇ ಕೀ ಯಂತ್ರದ ಪಟ್ಟಿಗೆ ಸೇರುತ್ತದೆ.

ಗ್ರಬ್ ಮೆನುವಿನಲ್ಲಿ (ಯಾವ ಓಎಸ್ ಎಬ್ಬಿಸಬೇಕು ಅಂತ ಕೇಳುವ ಪಟ್ಟಿ) ಎರಡು ಓಎಸ್ಸೂ ಕಾಣಿಸಿದವು. ಆದರೂ ಬಯಾಸ್ ನೇರವಾಗಿ ವಿಂಡೋಸ್‌ಗೇ ಹೋಗುತ್ತಿತ್ತು. ಬಯಾಸ್‌ನಲ್ಲಿ ಬೂಟ್ ಸಾಲು ಬದಲಿಸಿದ ಮೇಲೆ ಸರಿಹೋಯಿತು. ಒಂದೇ ಡಿಸ್ಕಿನಲ್ಲಿ ಎರಡು ಓಎಸ್ ಇಡುವವರು ಇಂಥ ಜಗಳಕ್ಕೆ ಸಿದ್ಧರಿರಬೇಕು. 2024ರ ಆಗಸ್ಟ್‌ನಲ್ಲಿ ವಿಂಡೋಸ್‌ನ ಒಂದು ಭದ್ರತಾ ಅಪ್‌ಡೇಟ್ ಹಳೆಯ ಶಿಮ್‌ಗಳನ್ನು ತಡೆಯುವ ಪಟ್ಟಿ ಹಾಕಿದಾಗ, ಡ್ಯುಯಲ್ ಬೂಟ್ ಮಾಡಿದ್ದ ಕೆಲವು ಯಂತ್ರಗಳಲ್ಲಿ ಲಿನಕ್ಸ್ ಏಳದೇ ಹೋಗಿತ್ತು. ಎರಡು ಡಿಸ್ಕ್ ಕೂರಿಸಲು ಜಾಗ ಇರುವ ಯಂತ್ರವಾದರೆ ಎರಡು ಡಿಸ್ಕೇ ಹಾಕಿ.

ಗಡಿಯಾರ ಚಿಕ್ಕ ವಿಷಯ, ಆದರೆ ತಲೆ ತಿನ್ನುತ್ತದೆ. ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಇದೆ ಅಂತ ವಿಂಡೋಸ್ ನಂಬುತ್ತದೆ, ಲಿನಕ್ಸ್ ಅದರಲ್ಲಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಇರಬೇಕು ಅನ್ನುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಸಮಯ ಗಂಟೆಗಟ್ಟಲೆ ಹಾರುತ್ತದೆ. ಮಿಂಟ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆದೇಶದಿಂದ 'ಸ್ಥಳೀಯ ಸಮಯವನ್ನೇ ಇಟ್ಟುಕೋ' ಅಂತ ಹೇಳಿಬಿಟ್ಟೆ. ಶುದ್ಧವಾದ ದಾರಿ ವಿಂಡೋಸ್‌ನ ರಿಜಿಸ್ಟ್ರಿ ತಿದ್ದಿ ಅದನ್ನೇ ಯುಟಿಸಿಗೆ ತರುವುದು. ಆದರೆ ಒಂದು ಸಾಲಿನಲ್ಲಿ ಮುಗಿಯುವ ಕೆಲಸವನ್ನು ಬಿಡುವುದೇಕೆ?

ಸ್ಕ್ಯಾನರ್ ಅಲ್ಲಿ, ಬೆರಳಚ್ಚು ಇಲ್ಲಿ

ನನ್ನ ಬಳಿ ಒಂದು ಹಳೇ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಇದೆ. ತಯಾರಿಸಿದ ಕಂಪನಿ ವಿಂಡೋಸ್ 7ರ ಕಾಲದಲ್ಲೇ ಅದರ ಡ್ರೈವರ್ ನಿಲ್ಲಿಸಿದೆ. ವಿಂಡೋಸ್ 10ರಲ್ಲಿ ಅದು 'ಅಪರಿಚಿತ ಸಾಧನ' ಅಷ್ಟೇ. ಗಾಜು, ಮೋಟರ್, ದೀಪ ಎಲ್ಲ ಸರಿ ಇದ್ದೂ ಅಟ್ಟ ಸೇರಿತ್ತು. ಅದನ್ನು ಮಿಂಟ್‌ಗೆ ಸಿಕ್ಕಿಸಿ ಡಾಕ್ಯುಮೆಂಟ್ ಸ್ಕ್ಯಾನರ್ ತೆರೆದೆ. ಹೆಸರು ಬಂತು, ಸ್ಕ್ಯಾನ್ ಒತ್ತಿದೆ, ಪುಟ ಬಂತು. ಅಲ್ಲಿಗೆ ಕಥೆ ಮುಗಿಯಿತು, ಇನ್‌ಸ್ಟಾಲ್ ಮಾಡುವಂಥದ್ದು ಏನೂ ಇರಲಿಲ್ಲ.

ಹಿಂದಿರುವುದು ಸೇನ್ ಅನ್ನುವ ಯೋಜನೆ, 1996ರಿಂದ ನಡೆಯುತ್ತಿದೆ. ಯಾವ ಸ್ಕ್ಯಾನರ್ ಪೂರ್ತಿ ಕೆಲಸ ಮಾಡುತ್ತದೆ, ಯಾವುದು ಅರೆಬರೆ, ಯಾವುದು ಇಲ್ಲವೇ ಇಲ್ಲ ಅಂತ ಅವರದ್ದೊಂದು ದೊಡ್ಡ ಪಟ್ಟಿಯೇ ಇದೆ. ಕೊಳ್ಳುವ ಮುಂಚೆ ನೋಡಬೇಕಾದದ್ದು ಅದು. ಒಮ್ಮೆ ಡ್ರೈವರ್ ಬರೆದು ಒಳಗೆ ಸೇರಿಸಿದರೆ, ಅದನ್ನು ಓಡಿಸುವವರು ಇರುವ ತನಕ ಇರುತ್ತದೆ. ಮಾರಾಟ ನಿಂತಿತು ಅನ್ನುವುದು ಅಲ್ಲಿ ಕಾರಣವಲ್ಲ.

ಹಾಗಂತ ಲಿನಕ್ಸ್ ಏನನ್ನೂ ಎಂದೂ ಬಿಡುವುದಿಲ್ಲ ಅಂದುಕೊಳ್ಳಬೇಡಿ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಕರ್ನಲ್ ಬರೆಯಲು ಶುರು ಮಾಡಿದ್ದೇ ಇಂಟೆಲ್ 80386 ಚಿಪ್ಪಿನ ಮೇಲೆ. ಆ ಚಿಪ್ಪಿಗೇ 2012ರ ಕೊನೆಯಲ್ಲಿ ಕರ್ನಲ್‌ನಿಂದ ಬೆಂಬಲ ತೆಗೆದರು. ಆದರೆ ಚಿಪ್ ಬಂದದ್ದು 1985ರಲ್ಲಿ, ಅಷ್ಟರಲ್ಲಿ 27 ವರ್ಷ ಆಗಿತ್ತು. ಬಳಸುವವರು ಇಲ್ಲವಾದರು, ನೋಡಿಕೊಳ್ಳುವ ಹೊರೆ ಮಾತ್ರ ಉಳಿಯಿತು, ತೆಗೆದರು. ಆರನೇ ತಲೆಮಾರಿನ ಐ5ಗೆ ಆ ಗತಿ ಬರಲು ಬಹಳ ಕಾಲ ಇದೆ.

ಇನ್ನು ಬೆರಳಚ್ಚಿನ ಸಂವೇದಕ. ವಿಂಡೋಸ್‌ನಲ್ಲಿ ಬೆರಳಿಟ್ಟರೆ ತೆರೆಯುತ್ತದೆ. ಮಿಂಟ್‌ನಲ್ಲಿ ಸಾಧನ ಇದೆ ಅನ್ನುವುದು ಯುಎಸ್‌ಬಿ ಸಾಧನಗಳನ್ನು ತೋರಿಸುವ ಎಲ್‌ಎಸ್‌ಯುಎಸ್‌ಬಿ ಪಟ್ಟಿಯಲ್ಲಿ ಕಾಣುತ್ತದೆ, ಅಷ್ಟೇ. ಬೆರಳಚ್ಚು ಸಂವೇದಕಗಳಿಗೆ ಡ್ರೈವರ್ ಬರೆಯುವ ಲಿಬ್‌ಎಫ್‌ಪ್ರಿಂಟ್ ಯೋಜನೆಯವರ ಬೆಂಬಲಿತ ಸಾಧನಗಳಲ್ಲಿ ಇದರ ಸಂಖ್ಯೆ ಇಲ್ಲ. ಸಂವೇದಕ ಮಾಡಿದವರು ಅದರ ಜೊತೆ ಹೇಗೆ ಮಾತಾಡಬೇಕು ಅಂತ ಹೇಳಿಲ್ಲ. ಮಾತುಕತೆಯೂ ಎನ್‌ಕ್ರಿಪ್ಟ್ ಆಗಿರುತ್ತದೆ. ಸ್ಕ್ಯಾನರ್‌ಗೆ ಆದದ್ದು ಇದಕ್ಕೂ ಆಗಬೇಕಾದರೆ ಇದೇ ಸಾಧನ ಇರುವ, ಇದರ ಮೇಲೆ ಹಟ ಇರುವ ಒಬ್ಬ ಕೋಡರ್ ಬೇಕು. ಓಪನ್ ಸೋರ್ಸ್‌ನಲ್ಲಿ ತೀರ್ಮಾನ ಯಾರದು ಅಂದರೆ ಕೆಲಸ ಮಾಡುವವರದು. ಮಾಡುವವರು ಇಲ್ಲದ ಕಡೆ ಯಾರನ್ನು ಬೈಯುವುದು?

ಪ್ರಿಂಟರ್ ಬಗ್ಗೆ ಒಂದೇ ಸಾಲು: ನೆಟ್‌ವರ್ಕ್‌ನಲ್ಲಿರುವ ಈಚಿನ ಪ್ರಿಂಟರ್ ತಾನಾಗಿ ಸಿಕ್ಕಿತು. ಕಪ್ಸ್ ಅನ್ನುವ ಅದೇ ಮುದ್ರಣ ವ್ಯವಸ್ಥೆ ಮ್ಯಾಕ್‌ಗಳಲ್ಲೂ ಇದೆ.

ಕಡತ, ಫಾಂಟ್, ಕನ್ನಡ

ಓಎಸ್ ಬದಲಾವಣೆಯಲ್ಲಿ ಜನ ನಿಜವಾಗಿ ಎಡವುವುದು ಇಲ್ಲಿ. ಲಿಬ್ರೆಆಫೀಸ್‌ನಲ್ಲಿ (ಮೈಕ್ರೋಸಾಫ್ಟ್ ಆಫೀಸ್ ಥರದ ಓಪನ್ ಸೋರ್ಸ್ ಸಾಫ್ಟ್‌ವೇರ್) ನನ್ನ ವರ್ಡ್ ಕಡತಗಳೆಲ್ಲ ತೆರೆದುಕೊಂಡವು. ಆದರೆ ಸಾಲು ಒಡೆಯುವ ಜಾಗ ಬೇರೆಯಾಗಿ, ಎರಡು ಪುಟದ ಪತ್ರ ಮೂರನೇ ಪುಟಕ್ಕೆ ಚೆಲ್ಲಿತು. ಇದರಲ್ಲಿ ಲಿಬ್ರೆಆಫೀಸ್‌ಗಿಂತ ಫಾಂಟ್‌ನ ಪಾತ್ರ ಜಾಸ್ತಿ. ಕ್ಯಾಲಿಬ್ರಿಯ ಬದಲು ಕಾರ್ಲಿಟೋ, ಏರಿಯಲ್ ಬದಲು ಲಿಬರೇಷನ್ ಸ್ಯಾನ್ಸ್ ಹಾಕಿದರೆ ಅಕ್ಷರಗಳ ಅಗಲ ಒಂದೇ ಇರುವುದರಿಂದ ಇಂಗ್ಲಿಷ್ ಕಡತಗಳು ಬಹುಪಾಲು ಸರಿಹೋದವು. ಕನ್ನಡದ್ದಕ್ಕೆ ಅಂಥ ಜೋಡಿ ಇಲ್ಲ. ತುಂಗಾ, ನಿರ್ಮಲಾ ಯುಐ ಎರಡೂ ವಿಂಡೋಸ್ ಜೊತೆ ಬರುವ ಫಾಂಟ್‌ಗಳು. ಅವುಗಳಲ್ಲಿ ಬರೆದದ್ದು ಮಿಂಟ್‌ನಲ್ಲಿ ನೋಟೋ ಅಥವಾ ಲೋಹಿತ್‌ಗೆ ಬದಲಾಗಿ ಉದ್ದಗಲ ಬೇರೆಯಾಗುತ್ತದೆ. ನನ್ನ ಮುಖ್ಯ ಕಡತಗಳನ್ನೆಲ್ಲ ನೋಟೋ ಸ್ಯಾನ್ಸ್ ಕನ್ನಡಕ್ಕೆ ಬದಲಾಯಿಸಿ, ಅದೇ ಫಾಂಟನ್ನು ವಿಂಡೋಸ್‌ಗೂ ಹಾಕಿದೆ. ಈಗ ಎರಡೂ ಕಡೆ ಒಂದೇ ಥರ.

ಟೈಪಿಂಗ್‌ಗೆ ಲಿನಕ್ಸ್‌ನ ಭಾಷಾ ಕೀಲಿಮಣೆ ಸಾಧನಗಳಾದ ಐಬಸ್ ಮತ್ತು ಎಂ17ಎನ್ ಸಾಕು. ಕೆಜಿಪಿ ಕೀಲಿಮಣೆ ವಿನ್ಯಾಸ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಮೂರೂ ಅದರಲ್ಲಿವೆ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಕೆಜಿಪಿ ಹೊಸದಾಗಿ ಕಲಿಯುವಂಥದ್ದಲ್ಲ.

ಕಡತಗಳ ಹೊಂದಾಣಿಕೆ ಎಷ್ಟು ದೊಡ್ಡ ವಿಷಯ ಅಂದರೆ ಜರ್ಮನಿಯ ಮ್ಯೂನಿಕ್ ನಗರಾಡಳಿತ ಲಿಮುಕ್ಸ್ ಹೆಸರಿನಲ್ಲಿ ಸಾವಿರಾರು ಕಂಪ್ಯೂಟರ್‌ಗಳನ್ನು ಲಿನಕ್ಸ್‌ಗೆ ಸಾಗಿಸಿ 2013ರಲ್ಲಿ ಮುಗಿಯಿತು ಅಂದಿತು. 2017ರಲ್ಲಿ ಮತ್ತೆ ವಿಂಡೋಸ್‌ಗೇ ಮರಳಲು ತೀರ್ಮಾನ ಮಾಡಿತು. ರಾಜಕೀಯವೂ ಅದರಲ್ಲಿತ್ತು, ನಿಜ. ಹೊರಗಿನ ಕಚೇರಿಗಳ ಜೊತೆ ಕಡತ ಕೊಟ್ಟು ತಗೊಳ್ಳುವ ಕಿರಿಕಿರಿಯೂ ಅದರಲ್ಲಿತ್ತು. ಒಬ್ಬರೇ ಬಳಸುವ ಯಂತ್ರದಲ್ಲಿ ಈ ತಾಪತ್ರಯ ಕಡಿಮೆ, ಫಾಂಟ್ ಬದಲಾಯಿಸಿ ಮುಂದೆ ಹೋಗಬಹುದು.

ಅಪ್‌ಡೇಟ್ ಮತ್ತು ಹಣ

ಮಿಂಟ್‌ನಲ್ಲಿ ಓಎಸ್, ಬ್ರೌಸರ್, ಆಫೀಸ್, ಪಿಡಿಎಫ್ ಓದುವ ಸಾಧನ, ಎಲ್ಲದರ ಅಪ್‌ಡೇಟ್ ಒಂದೇ ಕಿಟಕಿಯಲ್ಲಿ ಬರುತ್ತದೆ. ಯಾವಾಗ ಹಾಕಬೇಕು ಅನ್ನುವುದು ನನ್ನಿಷ್ಟ. ಹೊಸ ಕರ್ನಲ್ ಬಂದರೆ ಹಳೆಯದೂ ಉಳಿದಿರುತ್ತದೆ. ಹೊಸದು ಕೈಕೊಟ್ಟರೆ ಗ್ರಬ್‌ನಲ್ಲಿ ಹಳೆಯದನ್ನು ಆರಿಸಿ ಎದ್ದು ಬರಬಹುದು. ಜೊತೆಗೆ ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟ್ (ಓಎಸ್‌ನ ಹಿಂದಿನ ಸ್ಥಿತಿಯ ಪ್ರತಿ) ಇಟ್ಟಿದ್ದೇನೆ. ಆದರೆ ಇದರ ಇನ್ನೊಂದು ಮುಖ ಇದೆ. ನಾನು ಒತ್ತದಿದ್ದರೆ ಅಪ್‌ಡೇಟ್ ಹಾಗೇ ಬಿದ್ದಿರುತ್ತದೆ. ವಿಂಡೋಸ್ ಬಲವಂತವಾಗಿ ರೀಸ್ಟಾರ್ಟ್ ಮಾಡುತ್ತದೆ ಅಂತ ಗೊಣಗುತ್ತೇವೆ, ಆದರೆ ಗೊಣಗುವವರ ಯಂತ್ರಗಳಲ್ಲಿ ತೇಪೆ ಬಿದ್ದಿರುವುದೂ ಆ ಬಲವಂತದಿಂದಲೇ. ಕಂಪ್ಯೂಟರ್ ಬಗ್ಗೆ ಆಸಕ್ತಿ ಇಲ್ಲದವರಿಗೆ ಮಿಂಟ್ ಹಾಕಿಕೊಡುವಾಗ ತಾನಾಗಿ ಅಪ್‌ಡೇಟ್ ಆಗುವ ಆಯ್ಕೆಯನ್ನು ಆನ್ ಮಾಡಿಯೇ ಕೊಡಿ.

ಅವಧಿ ಲೆಕ್ಕದಲ್ಲಿ ವಿಂಡೋಸ್ 10 ಮುಂದೆ: ಹತ್ತು ವರ್ಷ. ಮಿಂಟ್ 22ಕ್ಕೆ ಅಪ್‌ಡೇಟ್ ಇರುವುದು 2029ರ ಏಪ್ರಿಲ್ ತನಕ. ಆಮೇಲೆ ಮುಂದಿನ ಆವೃತ್ತಿಗೆ ಹೋಗಬೇಕು. ಅಲ್ಲಿ ಪ್ರೊಸೆಸರ್‌ಗಳ ಪಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲಿಸುವ ಪರಿಪಾಠ ಈ ತನಕ ಇಲ್ಲ.

ಓಪನ್ ಸೋರ್ಸ್ ಅಂದರೆ ಪುಕ್ಕಟೆ, ವ್ಯಾಪಾರ ಅಂದರೆ ಅದರ ವಿರುದ್ಧ ಅನ್ನುವ ಎಣಿಕೆ ಬಹಳ ಜನರಲ್ಲಿದೆ. ಟೋರ್ವಾಲ್ಡ್ಸ್ ಮೊದಲು ಕೊಟ್ಟ ಲೈಸೆನ್ಸ್‌ನಲ್ಲಿ ಹಣಕ್ಕೆ ಹಂಚಬಾರದು ಅಂತಲೇ ಇತ್ತು. 1992ರಲ್ಲಿ ಅದನ್ನು ಬಿಟ್ಟು ಜಿಪಿಎಲ್ ಅನ್ನುವ ಲೈಸೆನ್ಸ್‌ಗೆ ಬಂದರು. ಜಿಪಿಎಲ್ ಪ್ರಕಾರ ಮಾರಬಹುದು, ಕೊಂಡವರಿಗೆ ಕೋಡ್ ಕೊಡಬೇಕು, ಅವರು ಮತ್ತೆ ಹಂಚುವುದನ್ನು ತಡೆಯಬಾರದು. ಅದರ ಮೇಲೆಯೇ ರೆಡ್ ಹ್ಯಾಟ್ ಅನ್ನುವ ಲಿನಕ್ಸ್ ಕಂಪನಿ ಬೆಳೆಯಿತು. 2019ರಲ್ಲಿ ಐಬಿಎಂ ಅದನ್ನು 3,400 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅಲ್ಲೂ ಬಳಕೆದಾರರನ್ನು ಕೇಳದೆ ತೀರ್ಮಾನ ಆಗುತ್ತದೆ. 2029ರ ತನಕ ಇರುತ್ತದೆ ಅಂದುಕೊಂಡಿದ್ದ, ರೆಡ್ ಹ್ಯಾಟ್ ಕಡೆಯ ಉಚಿತ ಲಿನಕ್ಸ್ ಸೆಂಟ್‌ಓಎಸ್ 8 ಅನ್ನು 2021ರ ಡಿಸೆಂಬರ್ 31ಕ್ಕೇ ನಿಲ್ಲಿಸಿದರು. ಆದರೆ ಕೋಡ್ ಹೊರಗಿತ್ತು. ರಾಕಿ ಲಿನಕ್ಸ್, ಅಲ್ಮಾಲಿನಕ್ಸ್ ಎರಡೂ ಅದೇ ವರ್ಷ ಆ ಜಾಗಕ್ಕೆ ಬಂದವು. ವಿಂಡೋಸ್ 10ಕ್ಕೆ ಹಾಗೆ ಇನ್ನೊಬ್ಬರು ಬಂದು ಮುಂದುವರಿಸುವ ದಾರಿ ಇಲ್ಲ.

ಈಗಿನ ಸ್ಥಿತಿ

ಮಿಂಟ್ ತಾನಾಗಿ ಏಳುತ್ತದೆ, ಗ್ರಬ್ ಮೆನು ಐದು ಸೆಕೆಂಡ್ ನಿಲ್ಲುತ್ತದೆ. ವಿಂಡೋಸ್ 10ರಲ್ಲಿ ಉಳಿದಿರುವುದು ಒಂದು ಹಳೇ ಲೆಕ್ಕಪತ್ರದ ಸಾಫ್ಟ್‌ವೇರ್ ಮಾತ್ರ. ಅದನ್ನು ವೈನ್‌ನಲ್ಲಿ (ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ) ಓಡಿಸಲು ನೋಡಿದೆ. ತೆರೆಯಿತು, ಲೆಕ್ಕವನ್ನೂ ತೋರಿಸಿತು, ಪ್ರಿಂಟ್ ಕೊಟ್ಟರೆ ಮಾತ್ರ ಬಿದ್ದುಹೋಗುತ್ತದೆ. ಹಾಗಾಗಿ ವಿಂಡೋಸ್‌ನಲ್ಲಿ ವೈಫೈ ಅಡಾಪ್ಟರನ್ನೇ ಡಿಸೇಬಲ್ ಮಾಡಿ, ನೆಟ್ ಇಲ್ಲದೆ ಇಟ್ಟಿದ್ದೇನೆ. ಬೆಂಬಲ ಮುಗಿದ ಓಎಸ್ ನೆಟ್‌ಗೆ ಬರಬಾರದು.

ಉಳಿದ ಕೆಲಸಗಳು: ಬ್ಯಾಟರಿ. ಮಿಂಟ್‌ನಲ್ಲಿ ವಿಂಡೋಸ್‌ಗಿಂತ ಸ್ವಲ್ಪ ಬೇಗ ಇಳಿಯುತ್ತಿದೆ. ಬ್ಯಾಟರಿ ಉಳಿಸುವ ಸಾಧನ ಟಿಎಲ್‌ಪಿ ಹಾಕಿದ ಮೇಲೆ ಸುಧಾರಿಸಿದೆ, ಸಮ ಆಗಿಲ್ಲ. ಬೆರಳಚ್ಚು ಸಂವೇದಕದ ಯುಎಸ್‌ಬಿ ಸಂಖ್ಯೆ ಬರೆದಿಟ್ಟುಕೊಂಡಿದ್ದೇನೆ. ಲಿಬ್‌ಎಫ್‌ಪ್ರಿಂಟ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ಪಟ್ಟಿಯಲ್ಲಿ ಹುಡುಕುತ್ತೇನೆ. ಅಲ್ಲಿಯ ತನಕ ಪಾಸ್‌ವರ್ಡ್ ಟೈಪ್ ಮಾಡುವುದೇ.